ಬಿಲ್ಲಿಗೆ ಇಪ್ಪತ್ತು ರೂಪಾಯಿ

ನನ್ನದು ಬೀಗ ರಿಪೇರಿ. ಹಾಸನದ ಹಳೇ ಬಸ್‌ಸ್ಟ್ಯಾಂಡಿನೆದುರು
ಕೊಡೆಯಷ್ಟು ನೆರಳು, ಮೊರದಷ್ಟು ಅಂಗಡಿ.
ಸುಳ್ಳು ಹೇಳಿ ನನಗೇನೂ ಬರಬೇಕಾಗಿಲ್ಲ.
ಕಂಡದ್ದು ಇಷ್ಟು:

ಚೈತ್ರದ ಮಧ್ಯಾಹ್ನ, ಮೂರೂವರೆ.
ಗಾಳಿಯಲ್ಲಿ ಒಂದು ಕಬ್ಬಿನ ಜಲ್ಲೆ ತೇಲಿ ಬಂತು.
ಹಿಡಿದ ಕೈಯಿಲ್ಲ, ಹೊತ್ತ ಹೆಗಲಿಲ್ಲ.
ತುದಿಯಿಂದ ತುದಿಗೆ ಜೇನುಹುಳು ಸಾಲುಗಟ್ಟಿ
ಬಿಗಿದ ದಾರದ ಹಾಗೆ ಗುಂಯ್‌ಗುಡುತ್ತಿದ್ದವು.

ಅಜ್ಜಿ ಹೇಳಿದ್ದಳಲ್ಲ, ಮೈಯಿಲ್ಲದವನ ಕತೆ:
ಮುಕ್ಕಣ್ಣ ಕಣ್ಣು ಬಿಟ್ಟು ಬೂದಿ ಮಾಡಿದನಂತೆ,
ಹೆಂಡತಿ ಅತ್ತು ಕರೆದು ಉಸಿರಷ್ಟೇ ವಾಪಸು ಪಡೆದಳಂತೆ.
ಅವನೇ.
ಬಿಸಿಲಿಗೆ ಬಳಲಿ, ಬಿಲ್ಲನ್ನು ಗಾಡಿಗೆ ಒರಗಿಸಿ
ಬೆವರೊರೆಸಿಕೊಳ್ಳಲು ಹೋದ. ಮೈಯೇ ಇಲ್ಲ,
ಬೆವರೆಲ್ಲಿ? ಅಭ್ಯಾಸಬಲ.

ಒರಗಿಸಬಾರದ ಜಾಗ ಅದು, ಸ್ವಾಮಿ.
ಚೆಲುವಾಂಬೆಯ ಕಬ್ಬಿನಹಾಲಿನ ಗಾಡಿ.

ಕೈ ಬೀಸಿ ಹುಳ ಓಡಿಸಿದಳು,
ಮುರಿದಳು, ಮಡಚಿದಳು, ಗಾಲಿಗೆ ಕೊಟ್ಟಳು.
ಗಲ್ ಗಲ್ ಗಲ್ ಗಾಣದ ಗೆಜ್ಜೆ.
ಮೂರು ಲೋಕ ಬಗ್ಗಿಸಿದ ಬಿಲ್ಲು
ಒಂದು ಚೂರು ಶುಂಠಿ, ಅರ್ಧ ನಿಂಬೆಯ ಜೊತೆ
ಐದು ಲೋಟವಾಯಿತು.

ಮೊದಲ ಲೋಟ ಅರಸೀಕೆರೆ ಬಸ್ಸಿನ ಕಂಡಕ್ಟರಿಗೆ:
ಸೀಟಿ ಊದಲಿಲ್ಲ, 'ಇನ್ನೊಂಚೂರು ಇರಿ' ಅಂದ,
ಕೇಳದವರಿಗೂ ಕರೆಕರೆದು ಚಿಲ್ಲರೆ ಕೊಟ್ಟ.
ಎರಡನೆಯದು ಟ್ರಾಫಿಕ್ ಪೇದೆಗೆ:
ಹೆಲ್ಮೆಟ್ಟಿಲ್ಲದ ಹುಡುಗನ ತಲೆ ಸವರಿ
'ಎಷ್ಟು ಚೆಂದದ ಕೂದಲು, ಮುಚ್ಚಿಕೊಳ್ಳಪ್ಪ' ಎಂದು ಬಿಟ್ಟ.
ಮೂರನೆಯದು ಗಣಿತದ ಶೇಷಗಿರಿ ಮೇಷ್ಟ್ರಿಗೆ:
ಬೆಳಗ್ಗೆ ಜಗಳವಾಡಿದ ಹೆಂಡತಿಗೆ ಮೂರು ಮೊಳ ಮಲ್ಲಿಗೆ,
ಅಳೆಯದೆ, ಚೌಕಾಸಿಯಿಲ್ಲದೆ.
ನಾಲ್ಕನೆಯದು ನನಗೆ. ಅದನ್ನು ಆಮೇಲೆ ಹೇಳುತ್ತೇನೆ.

ಗಾಳಿ ಗಾಡಿಯ ಸುತ್ತ ತಲೆ ಚಚ್ಚಿಕೊಂಡಿತು:
'ಅಮ್ಮಣ್ಣೀ, ಅದು ಇಕ್ಷುಚಾಪ!'
'ಚಾಪೆ ಬೇಕಾದ್ರೆ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋಗಿ,'
ತಿರುಗಿಯೂ ನೋಡದೆ ಅಂದಳು.
'ನಾಲ್ಕು ಗಂಟೆಗೆ ಇಲ್ಲಿ ಕೆಲಸವಿತ್ತಲ್ಲಮ್ಮಾ ನನಗೆ!
ಆಲೂಗಡ್ಡೆ ಮಂಡಿಯ ಧರಣೇಂದ್ರನಿಗೊಂದು ಬಾಣ,
ಮತ್ತೆ ನಿನಗೆ...'
ಗೆಜ್ಜೆಯ ಸದ್ದಿಗೆ ಉಳಿದದ್ದು ಕೇಳಿಸಲಿಲ್ಲ.

ನಾಲ್ಕಕ್ಕೆ ಧರಣೇಂದ್ರ ಬಂದ. ಬೆಳಗೊಳದ ಕಡೆಯ ಹುಡುಗ.
ದಿನಕ್ಕೆ ನೂರು ಮೂಟೆ ಆಲೂಗಡ್ಡೆ ತೂಗಿ ಬರೆಯುತ್ತಾನೆ,
ಒಂದನ್ನೂ ಬಾಯಿಗಿಡುವುದಿಲ್ಲ.
ಗಡ್ಡೆ ಗೆಣಸು ಅವರ ಮನೆಗೆ ಆಗದು,
ಈರುಳ್ಳಿಯಾಗಲಿ, ಬೆಳ್ಳುಳ್ಳಿಯಾಗಲಿ,
ಹಸಿಶುಂಠಿಯಾಗಲಿ.

ಚೆಲುವಾಂಬೆ ಐದನೆಯ ಲೋಟ ನೋಡಿದಳು.
ಚರಂಡಿಗೆ ಚೆಲ್ಲಿದಳು.
(ಆ ರಾತ್ರಿ ಹೆಗ್ಗಣಗಳು ಜೋಡಿಜೋಡಿಯಾಗಿ ಓಡಾಡಿದವು.)
ಒಂದು ಕೊಡ ನೀರು ಸುರಿದು ಗಾಲಿ ತೊಳೆದಳು,
ಜರಡಿ ತೊಳೆದಳು, ಲೋಟವನ್ನು ಎರಡು ಸಲ.
ಹೊಸ ಜಲ್ಲೆ, ಬೇರೆ ನಿಂಬೆ.
ಹನ್ನೊಂದು ತಿಂಗಳಿಂದ ದಿನಾ ನಾಲ್ಕಕ್ಕೆ ಹೀಗೇ.
ಅವನು ಗಾಲಿ ನೋಡುತ್ತ ಕುಡಿಯುತ್ತಾನೆ,
ಇವಳೂ ಗಾಲಿಯನ್ನೇ ನೋಡುತ್ತಾಳೆ,
ಅದರೊಳಗೆ ಯಾರದೋ ಬೆರಳು ಸಿಕ್ಕಿಕೊಂಡಿರುವ ಹಾಗೆ.

ಇವತ್ತು ದುಡ್ಡಿನ ಜೊತೆ ಜೇಬಿನಿಂದ ಏನೋ ತೆಗೆದ.
ಹೂವಲ್ಲ. ಆಲೂಗಡ್ಡೆ.
ಎಂಥ ಆಕಾರವೂ ಇರಲಿಲ್ಲ, ಆಲೂಗಡ್ಡೆಯ ಹಾಗೇ ಇತ್ತು.
'ಮೂಟೆಯಲ್ಲೆಲ್ಲ ಒಳ್ಳೇದು. ನಾವು ತಿನ್ನಲ್ಲ.
ನೀವು ತಿಂತೀರಲ್ಲ.'
ಅಷ್ಟಂದು, ಬೆಲ್ಲು ಬಾರಿಸುವ ಮೊದಲೇ ಓಡಿದ ಶಾಲೆಹುಡುಗನಂತೆ
ರಸ್ತೆ ದಾಟಿಬಿಟ್ಟ.

ಗಾಳಿ ಬಂದು ನನ್ನ ಸ್ಟೂಲಿನ ಮೇಲೆ ಕೂತಿತು.
'ಹನ್ನೊಂದು ತಿಂಗಳೇ?
ನಾನು ಈ ಊರಿಗೆ ಬಂದದ್ದೇ ಇವತ್ತು!'
ನಾನೇನು ಹೇಳಲಿ? ಒಂದು ಬೀಗಕ್ಕೆ ಎಣ್ಣೆ ಬಿಟ್ಟೆ.
ಕೆಲವು ಬೀಗ ಹಾಗೇ, ಕೀಲಿ ಕೆತ್ತಿ ಒಯ್ದಾಗ
ಬಾಗಿಲು ತೆರೆದೇ ಇರುತ್ತದೆ.

ಗಾಡಿ ಮುಚ್ಚುವಾಗ ಚೆಲುವಾಂಬೆ ಬಂದಳು:
'ಯಾರದೋ ಜಲ್ಲೆ ನಮ್ಮದರ ಜೊತೆ ಸೇರಿಹೋಯ್ತಣ್ಣ.
ಕೇಳಿಕೊಂಡು ಬಂದರೆ ಕೊಡಿ.'
ಇಪ್ಪತ್ತು ರೂಪಾಯಿ. ತಿರುಗಿದೆ. ಸ್ಟೂಲು ಖಾಲಿ.

ನನ್ನ ನಾಲ್ಕನೆಯ ಲೋಟ:
ರಾತ್ರಿ ಮನೆಗೆ ಹೋಗಿ ಹೆಂಡತಿಗೆ
'ನಿನ್ನ ಹೆಸರು ಚೆನ್ನಾಗಿದೆ ಕಣೇ, ಭಾಗೀರಥಿ' ಅಂದೆ.
ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.
ಕೈ ಮಾತ್ರ ಬೇಗ ತೆಗೆಯಲಿಲ್ಲ.

ನೋಟು ಇನ್ನೂ ಕೀಲಿಡಬ್ಬಿಯಲ್ಲಿದೆ.
ಹೆದೆ ಕಳಚಿದ ಜೇನುಹುಳುಗಳು ಗಾಡಿ ಬಿಟ್ಟು ಹೋಗಿಲ್ಲ,
ಒಂದೊಂದು ಬಂದು ನೋಟಿನ ಮೇಲೂ ಕೂರುತ್ತದೆ.
ಅವನನ್ನು ಎಲ್ಲಾದರೂ ಕಂಡರೆ ಕಳಿಸಿಕೊಡಿ.
ಗುರುತು: ಗುರುತೇನೂ ಇಲ್ಲ.